‘ಆ ಏರಿಯಾಕ್ಕೆ ಲೋನ್ ಆಗಲ್ಲಮ್ಮ’: ಮನೆ ಸಾಲದ ತಾರತಮ್ಯಕ್ಕೆ ಕಾನೂನು ಏನು ಹೇಳುತ್ತೆ?

ಬಳ್ಳಾರಿಯ ನಮ್ಮ ಓಣಿಯಲ್ಲಿ ಎದುರು ಮನೆಯ ಅಕ್ಕ ಜೀನ್ಸ್ ಹೊಲಿಸುತ್ತಾರೆ. ಮುಂದಿನ ಕೋಣೆಯಲ್ಲಿ ನಾಲ್ಕು ಮಷಿನ್. ಬೆಳಿಗ್ಗೆ ಎಂಟಕ್ಕೆ ಶುರುವಾದ ಗರಗರ ಸದ್ದು ನಿಲ್ಲೋದು ರಾತ್ರಿ ಊಟದ ಹೊತ್ತಿಗೆ. ಗಂಡ ಬಿಟ್ಟುಹೋಗಿ ಹನ್ನೊಂದು ವರ್ಷವಾಯಿತು. ಮನೆ ಅವರ ಹೆಸರಲ್ಲೇ ಇದೆ, ತಾಯಿ ಕೊಟ್ಟಿದ್ದು. ಮೇಲೊಂದು ಅಂತಸ್ತು ಕಟ್ಟಿಸಿದರೆ ಮಷಿನ್ ಕೆಳಗೆ, ಸಂಸಾರ ಮೇಲೆ. ಅದಕ್ಕೆ ಬೇಕಿದ್ದದ್ದು 12 ಲಕ್ಷ.

ಬ್ಯಾಂಕಿಗೆ ಹೋಗುವಾಗ ಜೊತೆಗೆ ಬಾ ಅಂದರು. ಹೋದೆ. ಅಧಿಕಾರಿ ಒರಟು ಮನುಷ್ಯ ಏನಲ್ಲ, ಕುರ್ಚಿ ಎಳೆದು ಕೂರಿಸಿದರು. ಫೈಲ್ ತೆರೆದರು, ವಿಳಾಸ ನೋಡಿದರು, ಮುಚ್ಚಿದರು. ‘ಆ ಏರಿಯಾಕ್ಕೆ ನಮ್ಮಲ್ಲಿ ಲೋನ್ ಆಗಲ್ಲಮ್ಮ.’ ಒಂದು ಕ್ಷಣ ಬಿಟ್ಟು, ‘ಯಜಮಾನ್ರು ಬಂದಿಲ್ವಾ?’ ಅಷ್ಟೇ. ಅರ್ಜಿಯನ್ನೂ ಇಸಿದುಕೊಳ್ಳಲಿಲ್ಲ.

ಹೊರಗೆ ಬಂದು ಕಬ್ಬಿನ ಹಾಲಿನ ಗಾಡಿ ಪಕ್ಕ ನಿಂತಾಗ ಅಕ್ಕ ಕೇಳಿದ್ದು ಒಂದೇ ಮಾತು. ‘ಇದು ಬ್ಯಾಂಕಿನ ರೂಲಾ, ಇಲ್ಲಾ ಆ ಸಾರ್ ಮಾಡಿದ ರೂಲಾ?’

ಪ್ರಶ್ನೆ ಅಕ್ಕನೊಬ್ಬರದ್ದಲ್ಲ. 2025ರ ಮೇ 20ರಂದು ಪಕ್ಕದ ಹೊಸಪೇಟೆಯ ಸಮಾವೇಶದಲ್ಲಿ ರಾಜ್ಯ ಸರ್ಕಾರ 1,11,111 ಹಕ್ಕುಪತ್ರ ಹಂಚಿತು. ಅದಕ್ಕೂ ಮುಂಚೆ, 2023ರ ಜನವರಿಯಲ್ಲಿ, ರಾಯಚೂರೂ ಸೇರಿ ಐದು ಜಿಲ್ಲೆಗಳ ತಾಂಡಾ ನಿವಾಸಿಗಳಿಗೆ 50 ಸಾವಿರಕ್ಕೂ ಹೆಚ್ಚು ಹಕ್ಕುಪತ್ರ ಸಿಕ್ಕಿತ್ತು. ತಲೆಮಾರುಗಳಿಂದ ಕಾಗದವೇ ಇಲ್ಲದ ಮನೆಯಲ್ಲಿದ್ದವರ ಕೈಗೆ ಈಗ ಕಾಗದ ಬಂದಿದೆ. ಆ ಕಾಗದ ಹಿಡಿದು ಬ್ಯಾಂಕಿಗೆ ಹೋದಾಗ ‘ಆಗಲ್ಲ’ ಅಂದರೆ? ಯಾವ ‘ಆಗಲ್ಲ’ ಸರಿ, ಯಾವುದು ತಪ್ಪು?

ಅಡಮಾನ ಅಂದ್ರೆ ಇಷ್ಟೇ

ಮನೆ ಸಾಲ ಕೊಡುವಾಗ ಬ್ಯಾಂಕು ಎರಡು ನಂಬಿಕೆ ಇಟ್ಟುಕೊಳ್ಳುತ್ತೆ. ಒಂದು ನಿಮ್ಮ ದುಡಿಮೆ ಮೇಲೆ: ತಿಂಗಳು ತಿಂಗಳು ಕಂತು ಕಟ್ಟುತ್ತೀರಿ ಅಂತ. ಇನ್ನೊಂದು ಮನೆ ಮೇಲೆ: ನೀವು ಕಟ್ಟದೇ ಹೋದರೆ ಅದನ್ನು ಮಾರಿ ದುಡ್ಡು ವಾಪಸ್ ತೆಗೆದುಕೊಳ್ಳಬಹುದು ಅಂತ. ಬಂಗಾರ ಗಿರವಿ ಇಟ್ಟಾಗ ಸರ ಅಂಗಡಿಯ ತಿಜೋರಿಗೆ ಹೋಗುತ್ತೆ. ಮನೆಯನ್ನು ತಿಜೋರಿಯಲ್ಲಿ ಇಡೋಕಾಗಲ್ಲ. ಅದಕ್ಕೇ ಅದರ ಅಸಲು ಪತ್ರ ಇಡುತ್ತಾರೆ. ಮನೆಯಲ್ಲಿ ನೀವೇ ಇರುತ್ತೀರಿ, ಪತ್ರ ಬ್ಯಾಂಕಿನಲ್ಲಿರುತ್ತೆ.

ಮನೆಯ ಪೂರ್ತಿ ಬೆಲೆಗೆ ಸಾಲ ಸಿಗುವುದಿಲ್ಲ. ರಿಸರ್ವ್ ಬ್ಯಾಂಕ್ ಲೆಕ್ಕದಲ್ಲಿ 30 ಲಕ್ಷದವರೆಗಿನ ಸಾಲಕ್ಕೆ ಮನೆ ಬೆಲೆಯ ಶೇ. 90ರವರೆಗೆ, 30ರಿಂದ 75 ಲಕ್ಷದವರೆಗೆ ಶೇ. 80, ಅದಕ್ಕೂ ಮೇಲಾದರೆ ಶೇ. 75. ಉಳಿದದ್ದು ನಮ್ಮ ಕೈಯಿಂದ.

ಬೇಡ ಅಂದದ್ದೆಲ್ಲಾ ತಾರತಮ್ಯ ಅಲ್ಲ

ಇದನ್ನು ಮೊದಲೇ ಹೇಳಿಬಿಡಬೇಕು. ಬ್ಯಾಂಕಿನಲ್ಲಿರೋದು ಯಾರೋ ಠೇವಣಿ ಇಟ್ಟ ದುಡ್ಡು. ಸಾಲ ತೀರಿಸುವ ಶಕ್ತಿ ಕಾಣದಿದ್ದರೆ, ಹಳೆ ಸಾಲದ ಕಂತು ತಪ್ಪಿಸಿದ ಚರಿತ್ರೆ ಇದ್ದರೆ, ಮನೆಯ ಮೇಲೆ ಅಣ್ಣತಮ್ಮಂದಿರ ವ್ಯಾಜ್ಯ ಇದ್ದರೆ, ಖಾತೆಯೇ ಸರಿಯಿಲ್ಲದಿದ್ದರೆ ‘ಇಲ್ಲ’ ಅನ್ನುವ ಹಕ್ಕು ಬ್ಯಾಂಕಿಗಿದೆ. ಅನ್ನಲೂಬೇಕು.

ತಾರತಮ್ಯ ಶುರುವಾಗೋದು ಸಾಲ ತೀರಿಸುವುದಕ್ಕೆ ಸಂಬಂಧವೇ ಇಲ್ಲದ ಸಂಗತಿ ತಕ್ಕಡಿಗೆ ಬಂದಾಗ. ಅರ್ಜಿದಾರರ ಜಾತಿ, ಧರ್ಮ, ಹೆಣ್ಣು ಅನ್ನುವುದು, ಕಣ್ಣು ಕಾಣದಿರುವುದು, ಗಂಡ ಇಲ್ಲದಿರುವುದು. ಇಬ್ಬರ ಆದಾಯ ಒಂದೇ, ಸಾಲದ ಚರಿತ್ರೆ ಒಂದೇ, ಕಾಗದ ಒಂದೇ. ಒಬ್ಬರಿಗೆ ‘ನಾಳೆ ಬನ್ನಿ, ಸೈನ್ ಮಾಡಿ’. ಇನ್ನೊಬ್ಬರಿಗೆ ‘ಆಗಲ್ಲಮ್ಮ’. ಇದನ್ನು ನೇರ ತಾರತಮ್ಯ ಅನ್ನಬಹುದು. ಬಾಯಿಬಿಟ್ಟು ‘ನಿಮ್ಮ ಜಾತಿಯವರಿಗೆ ಕೊಡಲ್ಲ’ ಅನ್ನುವವರು ಈಗ ಕಡಿಮೆ. ಅರ್ಜಿಯನ್ನೇ ಇಸಿದುಕೊಳ್ಳದೆ ಕಳಿಸುವುದು, ಒಬ್ಬರಿಗೆ ಮಾತ್ರ ಇನ್ನೊಂದು ಜಾಮೀನು ಕೇಳುವುದು, ಹತ್ತು ಸಲ ಓಡಾಡಿಸುವುದು ಜಾಸ್ತಿ.

ಸಾಲ ಕೊಟ್ಟೂ ತಾರತಮ್ಯ ಮಾಡಬಹುದು, ಬಡ್ಡಿಯಲ್ಲಿ. 20 ಲಕ್ಷ ಸಾಲ, 20 ವರ್ಷ ಅಂತ ಇಟ್ಟುಕೊಳ್ಳಿ. ಶೇ. 8.5 ಬಡ್ಡಿಯಾದರೆ ತಿಂಗಳ ಕಂತು ಸುಮಾರು 17,356 ರೂಪಾಯಿ. ಬ್ಯಾಂಕು ಬಾಗಿಲು ಮುಚ್ಚಿತು ಅಂತ ಫೈನಾನ್ಸ್ ಕಂಪನಿಗೆ ಹೋದಿರಿ, ಅಲ್ಲಿ ಶೇ. 12. ಕಂತು 22,022 ರೂಪಾಯಿ. ತಿಂಗಳಿಗೆ 4,666 ರೂಪಾಯಿ ಜಾಸ್ತಿ. ಇಪ್ಪತ್ತು ವರ್ಷ ಕೂಡಿಸಿದರೆ 11 ಲಕ್ಷ ದಾಟುತ್ತೆ. ಆದಾಯ, ಚರಿತ್ರೆ ಎಲ್ಲ ಸರಿಯಿದ್ದೂ ಒಬ್ಬರು ಈ ಹೊರೆ ಹೊತ್ತರೆ, ಅವರು ಕಟ್ಟುತ್ತಿರೋದು ತಮ್ಮ ಓಣಿಯ ದಂಡ.

ಮೂರನೆಯ ಬಗೆ ಸ್ವಲ್ಪ ಸೂಕ್ಷ್ಮ. ಜೀನ್ಸ್ ಊರಿನ ಉದಾಹರಣೆಯನ್ನೇ ಕೊಡುತ್ತೇನೆ. ಕಟಿಂಗ್ ಮಾಸ್ಟರ್ ಒಂದೇ ಅಳತೆ ಇಟ್ಟು ನೂರು ಪ್ಯಾಂಟ್ ಕತ್ತರಿಸಿದರು, ಎಲ್ಲಾ 32 ಸೈಜು. ಯಾರಿಗೂ ಭೇದ ಮಾಡಿಲ್ಲ, ಅಲ್ವಾ? ಆದರೆ 38ರ ಸೊಂಟದವರು ಬರಿಗೈಲಿ ಹೋಗುತ್ತಾರೆ. ಹಾಗೆಯೇ ‘ಎಲ್ಲರೂ ಎರಡು ವರ್ಷದ ಆದಾಯ ತೆರಿಗೆ ಕಾಗದ ಕೊಡಿ’, ‘ಬಿ ಖಾತಾ (ಮಂಜೂರಾತಿ ಸರಿಯಿಲ್ಲದ ಆಸ್ತಿಯ ಖಾತೆ) ಇದ್ದರೆ ಸಾಲ ಇಲ್ಲ’ ಅನ್ನುವ ನಿಯಮ ಎಲ್ಲರಿಗೂ ಒಂದೇ. ಆದರೆ ಕಾಗದ ಇಲ್ಲದ ಬಡಾವಣೆಯಲ್ಲಿ, ತಾಂಡಾದಲ್ಲಿ, ಹಟ್ಟಿಯಲ್ಲಿ ಇರುವವರು ಯಾರು? ಪೀಸಿಗಿಷ್ಟು ಅಂತ ನಗದು ಕೂಲಿ ಪಡೆಯುವವರು ಯಾರು? ಭೇದದ ಉದ್ದೇಶವೇ ಇಲ್ಲದ ನಿಯಮದ ಪೆಟ್ಟು ಮತ್ತೆ ಮತ್ತೆ ಒಂದೇ ಗುಂಪಿಗೆ ಬೀಳಬಹುದು. ಇದನ್ನು ಪರಿಣಾಮದ ತಾರತಮ್ಯ ಅನ್ನುತ್ತಾರೆ. ನಿಯಮಕ್ಕೆ ವ್ಯವಹಾರದ ಗಟ್ಟಿ ಕಾರಣ ಇದೆಯೋ, ಇದಕ್ಕಿಂತ ಕಡಿಮೆ ಪೆಟ್ಟಿನ ಬೇರೆ ದಾರಿ ಇತ್ತೋ ಅನ್ನುವುದೇ ಇಲ್ಲಿನ ವಾದ. ಬಿ ಖಾತೆಯ ವಿಷಯದಲ್ಲಿ ಬ್ಯಾಂಕಿನ ಭಯಕ್ಕೂ ಅರ್ಥ ಇದೆ: ನಾಳೆ ಆ ಮನೆ ಹರಾಜಿಗಿಟ್ಟರೆ ಕೊಳ್ಳುವವರು ಬೇಕಲ್ಲ.

ನಕ್ಷೆಯ ಮೇಲೆ ಕೆಂಪು ಬಣ್ಣ

‘ಆ ಏರಿಯಾಕ್ಕೆ ಆಗಲ್ಲ’ ಅನ್ನುವ ಮಾತಿನ ಹಿಂದೆ ಒಂದು ದೊಡ್ಡ ಚರಿತ್ರೆ ಇದೆ. ಅದು ನಡೆದದ್ದು ಅಮೆರಿಕದಲ್ಲಿ. ಸ್ವಲ್ಪ ನಿಧಾನವಾಗಿ ನೋಡೋಣ, ಯಾಕಂದ್ರೆ ಮನೆ ಸಾಲದ ತಾರತಮ್ಯಕ್ಕೆ ಕಾನೂನಿನ ಔಷಧಿಗಳನ್ನು ಹೆಚ್ಚಾಗಿ ಹುಡುಕಿದ್ದು ಅಲ್ಲೇ.

1930ರ ದಶಕದ ಮಹಾ ಕುಸಿತದಲ್ಲಿ ಅಲ್ಲಿನ ಜನ ಕಂತು ಕಟ್ಟಲಾಗದೆ ಮನೆ ಕಳೆದುಕೊಳ್ಳುತ್ತಿದ್ದರು. ಅವರನ್ನು ಉಳಿಸಲು 1933ರಲ್ಲಿ ಸರ್ಕಾರವೇ ಗೃಹಸಾಲದ ಒಂದು ನಿಗಮ ತೆರೆಯಿತು. ಅದು 200ಕ್ಕೂ ಹೆಚ್ಚು ನಗರಗಳ ನಕ್ಷೆ ಮಾಡಿಸಿತು. ಒಂದೊಂದು ಬಡಾವಣೆಗೆ ಒಂದು ಬಣ್ಣ. ಹಸಿರು ಅಂದರೆ ಉತ್ತಮ, ನೀಲಿ ಪರವಾಗಿಲ್ಲ, ಹಳದಿ ಇಳಿಮುಖ, ಕೆಂಪು ಅಪಾಯ. ಮನೆ ಎಷ್ಟು ಹಳೆಯದು ಅನ್ನುವುದರ ಜೊತೆಗೆ ಅಲ್ಲಿ ಯಾವ ಜನ ಇದ್ದಾರೆ ಅನ್ನುವುದನ್ನೂ ಅಳೆದರು. ಕಪ್ಪು ಜನರ ಬಡಾವಣೆಗಳು ಕೆಂಪಿಗೆ ಬಿದ್ದವು. 1934ರಲ್ಲಿ ಹುಟ್ಟಿದ ಇನ್ನೊಂದು ಸರ್ಕಾರಿ ಸಂಸ್ಥೆ ಮನೆ ಸಾಲಕ್ಕೆ ವಿಮೆಯ ಭರವಸೆ ಕೊಡುತ್ತಿತ್ತು. ಅಂಥ ಬಡಾವಣೆಗಳನ್ನು ಅದೂ ದೂರ ಇಟ್ಟಿತು. ಏರಿಯಾ ನೋಡಿ ಸಾಲ ನಿರಾಕರಿಸುವುದಕ್ಕೆ ‘ರೆಡ್‌ಲೈನಿಂಗ್’, ಅಂದರೆ ಕೆಂಪು ಗೆರೆ ಎಳೆಯುವುದು, ಅನ್ನುವ ಹೆಸರು ಬಂದದ್ದು ಹೀಗೆ.

ಸಾಲ ಬಾರದ ಓಣಿಯಲ್ಲಿ ಮನೆ ರಿಪೇರಿಯಾಗಲ್ಲ. ರಿಪೇರಿಯಾಗದ ಮನೆಗೆ ಬೆಲೆ ಬರಲ್ಲ. ಬೆಲೆ ಬರದ ಮನೆಗೆ ಬ್ಯಾಂಕು ಸಾಲ ಕೊಡಲ್ಲ. ಆಮೇಲೆ ಬ್ಯಾಂಕು ‘ನೋಡಿ, ನಾವು ಹೇಳಿರಲಿಲ್ವಾ’ ಅನ್ನುತ್ತೆ!

ಕಾನೂನು ಬರಲು ಮೂವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. 1968ರ ಏಪ್ರಿಲ್ 4ರಂದು ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾಯಿತು. ಒಂದೇ ವಾರಕ್ಕೆ, ಏಪ್ರಿಲ್ 11ರಂದು, ನ್ಯಾಯಯುತ ವಸತಿ ಕಾಯ್ದೆಗೆ ಸಹಿ ಬಿತ್ತು. ಮನೆ ಮಾರುವಾಗ, ಬಾಡಿಗೆ ಕೊಡುವಾಗ, ಮನೆಗೆ ಸಾಲ ಕೊಡುವಾಗ ಜನಾಂಗ, ಬಣ್ಣ, ಧರ್ಮ, ಮೂಲ ದೇಶ ನೋಡುವಂತಿಲ್ಲ ಅಂತ ಅದು ಹೇಳಿತು.

ಹೆಂಗಸರ ಸರದಿ ಬಂದದ್ದು 1974ರಲ್ಲಿ, ಸಮಾನ ಸಾಲಾವಕಾಶ ಕಾಯ್ದೆಯ ಜೊತೆಗೆ. ಅಲ್ಲಿಯತನಕ ಹೆಂಡತಿಯ ಸಂಬಳವನ್ನು ಅರ್ಧ ಲೆಕ್ಕಕ್ಕೆ ಹಿಡಿಯುವುದೂ ಇತ್ತು, ಪೂರ್ತಿ ಬಿಟ್ಟುಬಿಡುವುದೂ ಇತ್ತು. ನಾಳೆ ಮಗುವಾದರೆ ಕೆಲಸ ಬಿಡುತ್ತಾಳೆ ಅನ್ನುವ ಲೆಕ್ಕಾಚಾರ. ‘ಯಜಮಾನ್ರು ಬಂದಿಲ್ವಾ’ ಅನ್ನುವ ಪ್ರಶ್ನೆ ಬರೀ ಬಳ್ಳಾರಿಯದ್ದಲ್ಲ ಅಂತಾಯ್ತು. ಒಬ್ಬಳೇ ಅರ್ಜಿ ಹಾಕಿ, ಅವಳ ಆದಾಯವೇ ಸಾಕಾಗುವಂತಿದ್ದರೆ ಗಂಡನ ಸಹಿ ಕೇಳಬಾರದು ಅನ್ನುವ ನಿಯಮ ಅಲ್ಲಿದೆ. 1976ರಲ್ಲಿ ಇದೇ ಕಾಯ್ದೆಗೆ ಜನಾಂಗ, ಧರ್ಮ, ವಯಸ್ಸೂ ಸೇರಿದವು. ಇದರ ಇನ್ನೊಂದು ಅಂಶವೇ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸೋದು: ಪೂರ್ತಿ ತುಂಬಿದ ಅರ್ಜಿ ಕೈಗೆ ಬಂದ 30 ದಿನದೊಳಗೆ ನಿರ್ಧಾರ ತಿಳಿಸಬೇಕು. ತಿರಸ್ಕರಿಸಿದರೆ ನಿರ್ದಿಷ್ಟ ಕಾರಣ ಪಡೆಯುವ ಹಕ್ಕು ಅರ್ಜಿದಾರರಿಗಿದೆ. ‘ನಮ್ಮ ನಿಯಮಕ್ಕೆ ಹೊಂದಲಿಲ್ಲ’ ಅಂದರೆ ನಡೆಯಲ್ಲ.

ಆದರೆ ಒಬ್ಬೊಬ್ಬರ ಕಾರಣ ಒಂದೊಂದು ಚೀಟಿಯಲ್ಲಿ ಉಳಿದುಬಿಡುತ್ತೆ. ಸಾವಿರ ಚೀಟಿ ಪಕ್ಕಪಕ್ಕ ಇಟ್ಟಾಗಲೇ ಚಿತ್ರ ಕಾಣೋದು. ಅದಕ್ಕೆ 1975ರಲ್ಲಿ ಲೆಕ್ಕ ಬಹಿರಂಗಪಡಿಸುವ ಕಾನೂನು ಬಂತು. ಯಾವ ಬಡಾವಣೆಗೆ ಎಷ್ಟು ಮನೆ ಸಾಲ ಕೊಟ್ಟಿರಿ, ಸಾರ್ವಜನಿಕರಿಗೆ ತೋರಿಸಿ ಅಂತ. 1989ರ ತಿದ್ದುಪಡಿಯ ನಂತರ ಒಂದೊಂದು ಅರ್ಜಿಯ ಗತಿ, ಅರ್ಜಿದಾರರ ಜನಾಂಗ, ಲಿಂಗ, ಆದಾಯವೂ ಸೇರಿತು. ಹೆಸರು ಇರುವುದಿಲ್ಲ. ಆ ಲೆಕ್ಕ ಹಿಡಿದು ಬಾಸ್ಟನ್ನಿನ ಫೆಡರಲ್ ರಿಸರ್ವ್ ಬ್ಯಾಂಕಿನ ಸಂಶೋಧಕರು 1992ರಲ್ಲಿ ಒಂದು ಅಧ್ಯಯನ ಹೊರತಂದರು. ಆದಾಯ, ಸಾಲದ ಚರಿತ್ರೆ ಎಲ್ಲ ಸರಿಹೊಂದಿಸಿ ನೋಡಿದರೂ ಕಪ್ಪು ಮತ್ತು ಹಿಸ್ಪಾನಿಕ್ (ಸ್ಪ್ಯಾನಿಷ್ ಭಾಷೆಯ ಮೂಲದ) ಜನರ ಅರ್ಜಿಗಳು ಹೆಚ್ಚು ತಿರಸ್ಕಾರವಾಗುತ್ತಿದ್ದವು. ಲೆಕ್ಕದ ವಿಧಾನದ ಮೇಲೆ ಅರ್ಥಶಾಸ್ತ್ರಜ್ಞರು ವರ್ಷಗಟ್ಟಲೆ ಜಗಳ ಆಡಿದರು. ಆದರೆ ಅದೇ ವರ್ಷ ಅಲ್ಲಿನ ನ್ಯಾಯ ಇಲಾಖೆ ಅಟ್ಲಾಂಟಾ ಪ್ರದೇಶದ ಡೆಕಾಟರ್ ಫೆಡರಲ್ ಎಂಬ ಸಾಲ ಸಂಸ್ಥೆಯ ಮೇಲೆ ಕೇಸು ಹಾಕಿ, 10 ಲಕ್ಷ ಡಾಲರಿಗೆ ರಾಜಿ ಮಾಡಿಸಿತು.

ದೊಡ್ಡ ಮೊತ್ತ ಬಂದದ್ದು 2011ರ ಡಿಸೆಂಬರಿನಲ್ಲಿ. ಕಂಟ್ರಿವೈಡ್ ಎಂಬ ಸಂಸ್ಥೆ 2 ಲಕ್ಷಕ್ಕೂ ಹೆಚ್ಚು ಕಪ್ಪು ಮತ್ತು ಹಿಸ್ಪಾನಿಕ್ ಸಾಲಗಾರರಿಗೆ, ಅಷ್ಟೇ ಅರ್ಹತೆಯ ಬಿಳಿಯರಿಗಿಂತ ಜಾಸ್ತಿ ಬಡ್ಡಿ, ಶುಲ್ಕ ಹಾಕಿತ್ತು, ಅಥವಾ ದುಬಾರಿ ಸಾಲದ ಕಡೆ ತಳ್ಳಿತ್ತು ಅನ್ನುವುದು ಆರೋಪ. ರಾಜಿಯ ಮೊತ್ತ 33.5 ಕೋಟಿ ಡಾಲರ್. ಮೇಲೆ ಹೇಳಿದ ತಿಂಗಳ 4,666 ರೂಪಾಯಿಯ ಲೆಕ್ಕ ನೆನಪಿಸಿಕೊಳ್ಳಿ, ಇದೂ ಅದೇ ಜಾತಿಯದ್ದು.

1977ರ ಇನ್ನೊಂದು ಕಾನೂನನ್ನೂ ಹೇಳಬೇಕು. ಯಾವ ಊರಿನಿಂದ ಠೇವಣಿ ತಗೊಳ್ಳುತ್ತೀರೋ ಆ ಊರಿನ ಬಡ ಬಡಾವಣೆಗಳಿಗೂ ಸಾಲ ಕೊಡುತ್ತಿದ್ದೀರಾ ಅಂತ ಬ್ಯಾಂಕಿಗೆ ಅಂಕ ಹಾಕುವ ವ್ಯವಸ್ಥೆ ಅದು. ಅಂಕ ಕಡಿಮೆಯಾದರೆ ಬ್ಯಾಂಕುಗಳ ವಿಲೀನಕ್ಕೆ ಒಪ್ಪಿಗೆ ಸಿಗುವುದು ಕಷ್ಟ.

ಇದೆಲ್ಲ ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಪರಿಣಾಮದ ತಾರತಮ್ಯವನ್ನು ವಸತಿ ಕಾನೂನಿನಡಿ ಪ್ರಶ್ನಿಸಬಹುದು ಅಂತ ಅಲ್ಲಿನ ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿತು. 2025ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಟ್ರಂಪ್ ಸಹಿ ಮಾಡಿದ ಆದೇಶ ಆ ಬಗೆಯ ಕೇಸುಗಳಿಂದ ಕೇಂದ್ರದ ಇಲಾಖೆಗಳು ಹಿಂದೆ ಸರಿಯಬೇಕು ಅಂದಿತು.

ಇನ್ನು ನಮ್ಮ ಕಡೆ

ನಮ್ಮಲ್ಲಿ ಮನೆ ಸಾಲದ ತಾರತಮ್ಯಕ್ಕೇ ಅಂತ ಪ್ರತ್ಯೇಕ ಕಾಯ್ದೆ ಇಲ್ಲ. ಇರುವುದು ತುಂಡು ತುಂಡಾಗಿ, ಬೇರೆ ಬೇರೆ ಕಡೆ ಇದೆ.

ಮೇಲೆ ಸಂವಿಧಾನ. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳದ ಕಾರಣಕ್ಕೆ ‘ಪ್ರಭುತ್ವ’ ತಾರತಮ್ಯ ಮಾಡಬಾರದು ಅನ್ನುತ್ತೆ 15ನೇ ವಿಧಿ. ಸರ್ಕಾರಿ ಬ್ಯಾಂಕುಗಳು ಪ್ರಭುತ್ವದ ಲೆಕ್ಕಕ್ಕೆ ಬರುತ್ತವೆ. ಖಾಸಗಿ ಬ್ಯಾಂಕು ಬರುವುದಿಲ್ಲ ಅಂತ 2003ರಲ್ಲಿ ಫೆಡರಲ್ ಬ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಂದ್ರೆ ಒಂದೇ ರಸ್ತೆಯ ಎರಡು ಬ್ಯಾಂಕುಗಳಲ್ಲಿ ಒಂದರ ಮೇಲೆ ಸಂವಿಧಾನದ ಈ ಮಾತು ನೇರ ಬೀಳುತ್ತೆ, ಇನ್ನೊಂದರ ಮೇಲೆ ಬೀಳಲ್ಲ.

ಆ ಕಂದಕ ತುಂಬುವುದು ರಿಸರ್ವ್ ಬ್ಯಾಂಕ್. 2003ರ ಮೇ ತಿಂಗಳಲ್ಲಿ ಅದು ಸಾಲದಾತರಿಗೆ ನ್ಯಾಯಯುತ ನಡವಳಿಕೆಯ ಸಂಹಿತೆ ಕೊಟ್ಟಿತು. ಸಾಲ ಕೊಡುವಾಗ ಲಿಂಗ, ಜಾತಿ, ಧರ್ಮದ ಆಧಾರದಲ್ಲಿ ಭೇದ ಮಾಡಬಾರದು ಅನ್ನುವುದು ಅದರಲ್ಲಿ ಸ್ಪಷ್ಟವಾಗಿದೆ. ದುರ್ಬಲ ವರ್ಗದವರಿಗಾಗಿ ಇರುವ ವಿಶೇಷ ಸಾಲ ಯೋಜನೆಗಳಿಗೆ ಇದು ಅಡ್ಡಿಯಲ್ಲ ಅಂತಲೂ ಇದೆ. ಹೆಂಗಸರ ಹೆಸರಲ್ಲಿ ಸಾಲ ತೆಗೆದರೆ ಕೆಲವು ಬ್ಯಾಂಕು ಶೇ. 0.05 ಬಡ್ಡಿ ಕಡಿಮೆ ಮಾಡುವುದು ಗೊತ್ತಲ್ಲ, ಅದು ತಪ್ಪಲ್ಲ.

ಅದೇ ಸಂಹಿತೆಯಲ್ಲಿ ಇನ್ನೆರಡು ಮಾತಿವೆ. ಸಾಲದ ಅರ್ಜಿ ಬಂದರೆ ಸ್ವೀಕೃತಿ ಕೊಡಬೇಕು. ತಿರಸ್ಕರಿಸಿದರೆ ಮುಖ್ಯ ಕಾರಣವನ್ನು ಬರೆದು ಕೊಡಬೇಕು. ಮೊದಲು ಈ ಎರಡನೆಯದು 2 ಲಕ್ಷದವರೆಗಿನ ಸಾಲಕ್ಕೆ ಮಾತ್ರ ಇತ್ತು. 2007ರ ಮಾರ್ಚ್‌ನಲ್ಲಿ ಮಿತಿ ತೆಗೆದುಹಾಕಿ, ಎಲ್ಲ ಬಗೆಯ ಸಾಲಕ್ಕೂ ಅನ್ವಯ ಅಂದರು. ಗೃಹಸಾಲ ಕೊಡುವ ಹೌಸಿಂಗ್ ಫೈನಾನ್ಸ್ ಕಂಪನಿಗಳಿಗೂ ಇದೇ ರೀತಿಯ ಸಂಹಿತೆ ಇದೆ, ಪತ್ರ ವ್ಯವಹಾರ ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು ಅನ್ನುವುದೂ ಸೇರಿ. ನಮಗೆ ಕನ್ನಡದಲ್ಲಿ ಕೇಳುವ ಹಕ್ಕಿದೆ ಅಂತಾಯ್ತು.

ಈಗ ಅಕ್ಕನ ಪ್ರಶ್ನೆಗೆ ಬನ್ನಿ. ‘ಆ ಏರಿಯಾಕ್ಕೆ ಆಗಲ್ಲ’ ಅನ್ನುವುದು ಬ್ಯಾಂಕಿನ ಒಳಗಿನ ಪಟ್ಟಿಯಲ್ಲಿ ಇರಬಹುದು. ‘ನೆಗೆಟಿವ್ ಏರಿಯಾ’ ಅಂತ ಸಾಲದ ಏಜೆಂಟರು ಮಾತಾಡುವುದನ್ನು ನೀವೂ ಕೇಳಿರಬಹುದು. ಸಂಹಿತೆಯಲ್ಲಿ ‘ಏರಿಯಾ’ ಅನ್ನುವ ಪದ ಇಲ್ಲ. ನಮ್ಮೂರುಗಳಲ್ಲಿ ಓಣಿಯ ಹೆಸರು ಹೇಳಿದರೆ ಸಾಕು, ಅರ್ಧ ಜಾತಕ ಹೇಳಿದ ಹಾಗೆ. ಜಾತಿ ಕೇಳುವಂತಿಲ್ಲ, ವಿಳಾಸ ಕೇಳಬಹುದು. ಅದೇ ಇಲ್ಲಿನ ತೊಡಕು. ಆದರೆ ಅರ್ಜಿ ಇಸಿದುಕೊಳ್ಳದೆ ಬಾಯಿಮಾತಿನಲ್ಲಿ ಕಳಿಸಿದ್ದು? ಅದು ಖಂಡಿತ ರೂಲ್ ಅಲ್ಲ.

2014ರ ಡಿಸೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಗ್ರಾಹಕರ ಹಕ್ಕುಗಳ ಸನ್ನದು ಹೊರಡಿಸಿತು. ಐದು ಹಕ್ಕುಗಳಲ್ಲಿ ಮೊದಲನೆಯದೇ ನ್ಯಾಯವಾಗಿ ನಡೆಸಿಕೊಳ್ಳುವುದು. ಲಿಂಗ, ವಯಸ್ಸು, ಧರ್ಮ, ಜಾತಿ, ದೈಹಿಕ ಸಾಮರ್ಥ್ಯದ ಕಾರಣಕ್ಕೆ ಅನ್ಯಾಯದ ಭೇದ ಸಲ್ಲದು ಅನ್ನುತ್ತೆ.

ಅಂಗವಿಕಲರ ವಿಷಯದಲ್ಲಿ ಮಾತ್ರ ನಮ್ಮ ಕಾನೂನು ಇನ್ನೂ ಗಟ್ಟಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 13ನೇ ಸೆಕ್ಷನ್ ಆಸ್ತಿ ಹೊಂದುವ, ಬ್ಯಾಂಕ್ ಸಾಲ, ಅಡಮಾನ ಸಾಲ ಪಡೆಯುವ ಸಮಾನ ಹಕ್ಕನ್ನು ಹೆಸರಿಟ್ಟು ಹೇಳಿದೆ. ಲಿಂಗತ್ವ ಅಲ್ಪಸಂಖ್ಯಾತರಿಗೆ 2019ರ ಕಾಯ್ದೆ ಇದೆ. ಸೇವೆ, ಸೌಲಭ್ಯ ನಿರಾಕರಿಸುವಂತಿಲ್ಲ, ಆಸ್ತಿ ಕೊಳ್ಳುವ ಹಕ್ಕಿಗೆ ಅಡ್ಡ ಬರುವಂತಿಲ್ಲ. ಬ್ಯಾಂಕಿನ ಫಾರಂಗಳಲ್ಲಿ ತೃತೀಯ ಲಿಂಗದ ಕಾಲಂ ಇಡಬೇಕು ಅಂತ ರಿಸರ್ವ್ ಬ್ಯಾಂಕ್ ಸೂಚಿಸಿದ್ದು 2015ರಲ್ಲಿ. ಜೋಗಪ್ಪಗಳ ಪರಂಪರೆ ಇರುವ ನಮ್ಮ ಸೀಮೆಗೆ ಇದು ದೂರದ ಮಾತಲ್ಲ.

ಹಾಗೆಯೇ ‘ತಂದೆಯ ಹೆಸರು’ ಅನ್ನುವ ಕಾಲಂ. ಬಳ್ಳಾರಿ, ಕೊಪ್ಪಳ, ರಾಯಚೂರಿನ ಮಾಜಿ ದೇವದಾಸಿಯರ ಮಕ್ಕಳಿಗೆ ಎಷ್ಟೋ ಅರ್ಜಿಗಳು ನಿಂತದ್ದು ಅಲ್ಲಿಯೇ. ತಾಯಿಯೊಬ್ಬಳೇ ಸಾಕಿದವರಿಗೆ ಪ್ಯಾನ್ ಕಾರ್ಡಿನ ಅರ್ಜಿಯಲ್ಲಿ ತಂದೆಯ ಹೆಸರು ಕಡ್ಡಾಯವಲ್ಲ ಅನ್ನುವ ನಿಯಮ 2018ರ ಡಿಸೆಂಬರ್ 5ರಿಂದ ಜಾರಿಯಲ್ಲಿದೆ. ಪ್ಯಾನ್ ಇಲ್ಲದೆ ಮನೆ ಸಾಲದ ಮಾತೇ ಇಲ್ಲವಲ್ಲ, ಅದಕ್ಕೇ ಹೇಳಿದೆ.

ಬಲವಂತದ ಪಾಲು

ಭೇದ ಮಾಡಬೇಡಿ ಅನ್ನುವುದು ಒಂದು ದಾರಿ. ಇಷ್ಟು ಪಾಲು ಕೊಡಲೇಬೇಕು ಅನ್ನುವುದು ಇನ್ನೊಂದು. ನಮ್ಮ ದೇಶ ಹೆಚ್ಚು ನೆಚ್ಚಿಕೊಂಡಿರುವುದು ಎರಡನೆಯದನ್ನು. ವಾಣಿಜ್ಯ ಬ್ಯಾಂಕುಗಳ ಸಾಲದಲ್ಲಿ ಶೇ. 40 ಆದ್ಯತಾ ವಲಯಕ್ಕೆ, ಅಂದರೆ ಕೃಷಿ, ಸಣ್ಣ ಉದ್ದಿಮೆ, ಸಣ್ಣ ಮನೆ ಸಾಲದಂಥ ಬಾಬ್ತುಗಳಿಗೆ, ಹೋಗಬೇಕು. ಅದರೊಳಗೇ ದುರ್ಬಲ ವರ್ಗಕ್ಕೆ ಶೇ. 12. ಪರಿಶಿಷ್ಟರು, ಅಲ್ಪಸಂಖ್ಯಾತರು, ಅಂಗವಿಕಲರು ಇದರಲ್ಲಿ ಬರುತ್ತಾರೆ. ಗ್ರಾಮೀಣ ಬ್ಯಾಂಕುಗಳಿಗೆ ಆದ್ಯತಾ ವಲಯದ ಗುರಿ ಶೇ. 75. ಬಳ್ಳಾರಿಯಲ್ಲೇ ಪ್ರಧಾನ ಕಚೇರಿ ಇರುವ ಕರ್ನಾಟಕ ಗ್ರಾಮೀಣ ಬ್ಯಾಂಕ್ ಈ ಗುಂಪಿನದ್ದು. 2025ರ ಏಪ್ರಿಲ್‌ನಿಂದ 10 ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಲ್ಲಿ 35 ಲಕ್ಷದವರೆಗಿನ ಮನೆ ಸಾಲವೂ ಆದ್ಯತಾ ವಲಯದ ಲೆಕ್ಕಕ್ಕೆ ಸೇರುತ್ತೆ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಹಾಗೇ. ಅಂದ್ರೆ ಅಕ್ಕನ 12 ಲಕ್ಷ ಬ್ಯಾಂಕಿನ ಗುರಿ ಮುಟ್ಟಲು ಸಹಾಯವಾಗುವ ಸಾಲ.

ಇಲ್ಲಿ ಲೆಕ್ಕವೇ ಇಲ್ಲ

ಈ ಪಾಲಿನ ಲೆಕ್ಕ ಬರುವುದು ಕೊಟ್ಟ ಸಾಲದಿಂದ. ಕೊಡದ ಸಾಲದ ಲೆಕ್ಕ? ಯಾವ ಬ್ಯಾಂಕು ಯಾವ ವಾರ್ಡಿನ ಎಷ್ಟು ಮನೆ ಸಾಲದ ಅರ್ಜಿ ತಿರಸ್ಕರಿಸಿತು, ಅರ್ಜಿದಾರರು ಯಾವ ವರ್ಗದವರು ಅನ್ನುವುದನ್ನು ಸಾರ್ವಜನಿಕರ ಮುಂದಿಡುವ ಕಾನೂನು ನಮ್ಮಲ್ಲಿಲ್ಲ. ಕಾರಣ ಕೇಳುವ ಹಕ್ಕು ಒಬ್ಬೊಬ್ಬರಿಗಿದೆ. ಆ ಕಾರಣಗಳನ್ನೆಲ್ಲ ಒಟ್ಟಿಗಿಟ್ಟು ನೋಡುವ ಕಣ್ಣಿಲ್ಲ.

ಹಾಗಾದರೆ ಇಲ್ಲಿ ಭೇದ ನಡೆಯುತ್ತೆ ಅನ್ನುವುದಕ್ಕೆ ಆಧಾರ ಏನು? ಭಾರತದ ಒಂದು ಸರ್ಕಾರಿ ಬ್ಯಾಂಕಿನ ದಾಖಲೆ ಹಿಡಿದು ಫಿಸ್ಮನ್, ಪರವಿಸಿನಿ, ವಿಗ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಮಾಡಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಮನೆ ಸಾಲಕ್ಕೇ ಸೀಮಿತವಾದದ್ದಲ್ಲ. ಅಧಿಕಾರಿ ಮತ್ತು ಸಾಲಗಾರರ ಜಾತಿ ಅಥವಾ ಧರ್ಮ ಒಂದೇ ಆದಾಗ ಸಾಲ ಹೆಚ್ಚು ಸಿಗುತ್ತಿತ್ತು. ಕುತೂಹಲದ ಸಂಗತಿ ಏನಂದ್ರೆ, ಆ ಸಾಲಗಳ ಮರುಪಾವತಿಯೂ ಚೆನ್ನಾಗಿತ್ತು. ಅಂದ್ರೆ ಇದು ಬರೀ ದ್ವೇಷದ ಕಥೆಯಲ್ಲ, ಪರಿಚಯದ ಕಥೆ. ನಮ್ಮವರ ಬಗ್ಗೆ ನಮಗೆ ನಾಲ್ಕು ಮಾತು ಗೊತ್ತಿರುತ್ತೆ, ಯಾರನ್ನು ನಂಬಬಹುದು ಅನ್ನೋದು ತಿಳಿದಿರುತ್ತೆ. ಗುರುತಿಲ್ಲದವರ ಫೈಲ್ ಕೆಳಗೆ ಹೋಗುತ್ತೆ. ದ್ವೇಷ ಇಲ್ಲ ಅಂದ ಮಾತ್ರಕ್ಕೆ ಕೆಳಗೆ ಹೋದ ಫೈಲ್ ಮೇಲೆ ಬರಲ್ಲ.

ಮನುಷ್ಯರ ಬದಲು ಕಂಪ್ಯೂಟರ್ ನಿರ್ಧರಿಸಿದರೆ ಸರಿಹೋಗುತ್ತಾ? ಅದು ಜಾತಿ ಕೇಳಲ್ಲ, ನಿಜ. ಪಿನ್‌ಕೋಡ್ ಕೇಳುತ್ತೆ. ಹಳೆಯ ನಿರ್ಧಾರಗಳಿಂದಲೇ ಪಾಠ ಕಲಿಯುತ್ತೆ.

ಸಿಬಿಲ್ ಬಗ್ಗೆ ಒಂದು ಮಾತು. 300ರಿಂದ 900ರವರೆಗಿನ ಈ ಅಂಕ ನಮ್ಮ ಹಳೆ ಸಾಲದ ನಡತೆ ಪ್ರಮಾಣಪತ್ರ. ಯಾವತ್ತೂ ಸಾಲ ಮಾಡದವರಿಗೆ ಅಂಕವೇ ಇರುವುದಿಲ್ಲ. ಮೊದಲ ಸಲ ಸಾಲ ಕೇಳುವವರ ಅರ್ಜಿಯನ್ನು ‘ಚರಿತ್ರೆ ಇಲ್ಲ’ ಅನ್ನುವ ಒಂದೇ ಕಾರಣಕ್ಕೆ ತಿರಸ್ಕರಿಸಬಾರದು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ಕನಿಷ್ಠ ಇಷ್ಟು ಅಂಕ ಇರಲೇಬೇಕು ಅಂತ ಅದು ಎಲ್ಲೂ ನಿಗದಿ ಮಾಡಿಲ್ಲ ಅನ್ನುವುದನ್ನು 2025ರ ಆಗಸ್ಟ್‌ನಲ್ಲಿ ಹಣಕಾಸು ಸಚಿವಾಲಯ ಲೋಕಸಭೆಯಲ್ಲಿ ಸ್ಪಷ್ಟಪಡಿಸಿತು. ವರ್ಷಕ್ಕೊಮ್ಮೆ ಪೂರ್ತಿ ವರದಿ ಪುಕ್ಕಟೆ ಸಿಗುತ್ತೆ, ತೆಗೆಸಿ ನೋಡಿ.

‘ಆಗಲ್ಲ’ ಅಂದರೆ ಎಲ್ಲಿಗೆ ಹೋಗೋದು?

ಜಗಳ ಬೇಡ. ಅರ್ಜಿ ಬರೆದು ಕೊಡಿ, ಸೀಲು ಹಾಕಿದ ಸ್ವೀಕೃತಿ ತಗೊಳ್ಳಿ. ಕೌಂಟರಿನಲ್ಲಿ ತಗೊಳ್ಳದಿದ್ದರೆ ಸ್ಪೀಡ್ ಪೋಸ್ಟ್ ಅಥವಾ ಇಮೇಲ್. ತಿರಸ್ಕಾರವಾದರೆ ಕಾರಣ ಬರೆದು ಕೊಡಿ ಅಂತ ಕೇಳಿ. ಕಾರಣ ಕೊಡದಿದ್ದರೆ ಅಥವಾ ಅದು ಭೇದದ ಕಾರಣ ಅನ್ನಿಸಿದರೆ ಮೊದಲು ಅದೇ ಬ್ಯಾಂಕಿಗೆ ಲಿಖಿತ ದೂರು. 30 ದಿನದಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಸರಿಯೆನಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್, ಅಂದರೆ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ. ಶುಲ್ಕ ಇಲ್ಲ, ವಕೀಲರು ಬೇಡ. ಮಾಹಿತಿಗೆ 14448. ಹೌಸಿಂಗ್ ಫೈನಾನ್ಸ್ ಕಂಪನಿಯ ಮೇಲಿನ ದೂರು ಮಾತ್ರ ನ್ಯಾಷನಲ್ ಹೌಸಿಂಗ್ ಬ್ಯಾಂಕಿಗೆ ಹೋಗುತ್ತೆ. ತುಂಬಾ ಜನ ಎಡವೋದು ಇಲ್ಲೇ.

ಓಂಬುಡ್ಸ್‌ಮನ್‌ರಿಂದ ಏನನ್ನು ನಿರೀಕ್ಷಿಸಬಾರದು ಅನ್ನುವುದೂ ಗೊತ್ತಿರಲಿ. ಸಾಲ ಕೊಡುವುದು ಬಿಡುವುದು ಬ್ಯಾಂಕಿನ ವ್ಯಾವಹಾರಿಕ ನಿರ್ಧಾರ, ಅದರಲ್ಲಿ ಅವರು ಕೈಹಾಕಲ್ಲ. ‘ಸಾಲ ಕೊಡಿಸಿ’ ಅಂತ ಬರೆದರೆ ದೂರು ಬಿದ್ದುಹೋಗುತ್ತೆ. ‘ಅರ್ಜಿ ಸ್ವೀಕರಿಸಲಿಲ್ಲ, ಕಾರಣ ಬರೆದು ಕೊಡಲಿಲ್ಲ, ನ್ಯಾಯಯುತ ನಡವಳಿಕೆಯ ಸಂಹಿತೆ ಪಾಲಿಸಲಿಲ್ಲ’ ಅಂತ ಬರೆದರೆ ನಿಲ್ಲುತ್ತೆ. ಜಿಲ್ಲೆಯ ಲೀಡ್ ಬ್ಯಾಂಕ್ ಮ್ಯಾನೇಜರಿಗೂ ಒಂದು ಪ್ರತಿ ಕೊಡುವುದು ಒಳ್ಳೆಯದು. ಜಿಲ್ಲಾಧಿಕಾರಿ ಅಧ್ಯಕ್ಷತೆಯ ಬ್ಯಾಂಕರುಗಳ ಸಭೆಗೆ ವಿಷಯ ತರುವವರು ಅವರೇ. ಹಕ್ಕುಪತ್ರದವರು ಇನ್ನೊಂದು ನೋಡಿಕೊಳ್ಳಿ: ಪತ್ರದಲ್ಲಿ ‘ಇಷ್ಟು ವರ್ಷ ಪರಭಾರೆ ಮಾಡುವಂತಿಲ್ಲ’ ಅನ್ನುವ ಷರತ್ತು ಇದ್ದರೆ ಬ್ಯಾಂಕು ಕೇಳುವ ಮೊದಲ ಪ್ರಶ್ನೆ ಅದೇ ಆಗಿರುತ್ತೆ.

ಅಕ್ಕ ಮತ್ತು ನಾನು ಹತ್ತು ದಿನ ಬಿಟ್ಟು ಮತ್ತೆ ಹೋದೆವು. ಅರ್ಜಿಯ ಜೊತೆ ಒಂದು ಹಾಳೆಯ ಪತ್ರ. ಅದೇ ಅಧಿಕಾರಿ ಪತ್ರ ಓದಿದರು, ನಮ್ಮ ಮುಖ ನೋಡಿದರು, ಸೀಲು ಹಾಕಿದರು. ಮೂರು ವಾರಕ್ಕೆ ಉತ್ತರ ಬಂತು. ಸಾಲ ಇಲ್ಲ. ಆದರೆ ಕಾಗದದಲ್ಲಿ ಏರಿಯಾದ ಸುದ್ದಿಯೇ ಇರಲಿಲ್ಲ, ಯಜಮಾನರ ಸುದ್ದಿಯೂ ಇರಲಿಲ್ಲ. ಇದ್ದದ್ದು ಒಂದೇ ಸಾಲು: ಎರಡು ವರ್ಷದ ಆದಾಯ ತೆರಿಗೆ ವಿವರ ಸಲ್ಲಿಸಿಲ್ಲ.

‘ಇಷ್ಟೇನಾ? ಅವತ್ತೇ ಹೇಳಿದ್ರೆ ಆಗ್ತಿತ್ತಲ್ಲ’ ಅಂದರು ಅಕ್ಕ. ಮಾರನೆಯ ದಿನ ಪೀಸಿನ ಲೆಕ್ಕದ ನೋಟ್‌ಬುಕ್ಕುಗಳನ್ನು, ಎಣ್ಣೆ ಕಲೆ ಬಿದ್ದ ಆರು ನೋಟ್‌ಬುಕ್ಕು, ಬಟ್ಟೆ ಚೀಲದಲ್ಲಿ ತುಂಬಿಕೊಂಡು ಆಡಿಟರ ಹತ್ತಿರ ಹೋದರು. ಬ್ಯಾಂಕಿನ ಕಾಗದವನ್ನು ಮನೆ ಪತ್ರದ ಜೊತೆಗೇ ಬೀರುವಿನಲ್ಲಿ ಇಟ್ಟಿದ್ದಾರೆ.